ಕುಂದಾ ಅದೇ, ಬ್ಯಾಗ್ ಅದೇ, ಚೆಕಿಂಗ್ ಮಾತ್ರ ಯಾಕ ಬ್ಯಾರೆ?

ಒಂದು ಏರ್‌ಪೋರ್ಟಿನ್ಯಾಗ ಲ್ಯಾಪ್‌ಟಾಪ್ ಹೊರಗ ತಗೀರಿ ಅಂತಾರ.
ಇನ್ನೊಂದರಾಗ, ಬ್ಯಾಗಿನ್ಯಾಗ ಇರ್ಲಿ ಬಿಡ್ರಿ ಅಂತಾರ.
ಯಾಕ ಹಿಂಗ?

ಖಾನಾಪುರದಾಗ ನಸುಕಿನ್ಯಾಗ ಎದ್ದು,
ಬೆಳಗಾವಿ ದಾಟಿ ಸಾಂಬ್ರಾ ಏರ್‌ಪೋರ್ಟಿಗೆ ಬಂದ್ರಿ ಅನ್ಕೊಳ್ರಿ.
ಬ್ಯಾಗಿನ್ಯಾಗ ಲ್ಯಾಪ್‌ಟಾಪು,
ಬೀಗರಿಗಂತ ಒಂದು ಡಬ್ಬಿ ಕುಂದಾ.
ಹೋಗುವಾಗ ಒಂದು ಥರಾ ಚೆಕಿಂಗ್,
ಬರುವಾಗ ಇನ್ನೊಂದು ಥರಾ!

ನೋಡ್ರಿ, ದೇಶದ ಏರ್‌ಪೋರ್ಟಿಗೆಲ್ಲಾ ಭದ್ರತಾ ನಿಯಮ ಮಾಡೋದು ಒಂದೇ ಸಂಸ್ಥೆ, ಬಿಸಿಎಎಸ್.
ಆದ್ರ ಮಷಿನ್ ಎಲ್ಲಾ ಕಡೆ ಒಂದೇ ಇಲ್ಲ.

ಹಳೇ ಎಕ್ಸ್‌-ರೇ ಅಂದ್ರ,
ಹತ್ತು ರೊಟ್ಟಿ ಒಟ್ಟಿ, ಮ್ಯಾಲಿಂದ ನೋಡಿದಂಗ.
ನಡುವಿನ ರೊಟ್ಟಿ ಹೊತ್ತೇತೋ ಇಲ್ಲೋ, ಗೊತ್ತಾಗಂಗಿಲ್ಲ.
ಹೊಸಾ ಸಿಟಿ ಸ್ಕ್ಯಾನರ್ ಅಂದ್ರ,
ಒಂದೊಂದೇ ರೊಟ್ಟಿ ಎತ್ತಿ ನೋಡಿದಂಗ.
ಅದಕ್ಕ ಅಲ್ಲಿ ಲ್ಯಾಪ್‌ಟಾಪ್ ತಗಿಯೋ ಕೆಲಸ ಇರಂಗಿಲ್ಲ.

ಎರಡನೇ ಕಾರಣ,
ಕೆಲವರನ್ನ ಬೇಕಂತಲೇ ಮತ್ತೊಮ್ಮೆ ತಪಾಸಣೆ ಮಾಡ್ತಾರ.
ಯಾರಿಗೆ, ಯಾವಾಗ, ಮೊದಲ ಗೊತ್ತಾಗಬಾರದು.
ಗೊತ್ತಾದ್ರ ಕಳ್ಳನೂ ತಯಾರಾಗೇ ಬರ್ತಾನಲ್ಲ!

ಮೂರನೇದು, ಅನುಮಾನ ಬಂದ್ರ
ಕಡೀ ಮಾತು ಅಲ್ಲಿ ನಿಂತ ಸಿಬ್ಬಂದಿದು.
ಮೆತ್ತನ್ನ ಕುಂದಾ ಒಬ್ಬರ ಕಣ್ಣಿಗೆ ಸಿಹಿ,
ಇನ್ನೊಬ್ಬರ ಸ್ಕ್ರೀನಿನ್ಯಾಗ ಬರೇ ಒಂದು ಮುದ್ದಿ.

ಹಂಗಾರ ನಾವೇನ್ ಮಾಡೂನು?
ಕುಂದಾ, ಉಪ್ಪಿನಕಾಯಿ ಚೆಕ್‌-ಇನ್ ಬ್ಯಾಗಿಗೆ.
ಪವರ್ ಬ್ಯಾಂಕ್ ಮಾತ್ರ ಕೈಚೀಲಕ್ಕ.
ಒಣಕೊಬ್ಬರಿ ಮನ್ಯಾಗ ಬಿಡ್ರಿ,
ಎಣ್ಣಿ ಇರ್ತದ, ಬೆಂಕಿ ಭಯ.
ಲ್ಯಾಪ್‌ಟಾಪ್ ಮ್ಯಾಲೇ ಇಟ್ಕೊಳ್ರಿ.

ಅರ್ಧ ತಾಸು ಮುಂಚೆ ಬಿಡ್ರಿ ಮತ್ತ.
ಚೆಕಿಂಗ್ ಬದಲಾಗ್ತದ,
ವಿಮಾನದ ಟೈಮ್ ನಿಮಗಾಗಿ ಬದಲಾಗಂಗಿಲ್ಲ!