ಧ್ವನಿಮುದ್ರಿಕೆಯ ಮೇರೆಗಳು: ಸಿ.ಡಿ. ಟ್ರ್ಯಾಕ್ ಮಾಹಿತಿಯ ಶೀಘ್ರವಾಚನ ಮತ್ತು ನಿಖರವಾಚನ

ಮಂಟೇಸ್ವಾಮಿ ಅಥವಾ ಮಲೆ ಮಾದೇಶ್ವರ ಕಾವ್ಯದ ಗಾಯನದಲ್ಲಿ ಹಾಡು ಎಲ್ಲಿ ನಿಂತು ಮಾತು ಎಲ್ಲಿ ತೊಡಗುತ್ತದೆ ಎಂಬುದು ಪಠ್ಯನಿರ್ಣಯದ ಪ್ರಶ್ನೆ. ಇಂತಹ ಗಾಯನವನ್ನು ಸಿ.ಡಿ.ಯಿಂದ ಗಣಕಯಂತ್ರಕ್ಕೆ ವರ್ಗಾಯಿಸುವಾಗ ಮೇರೆಗಳನ್ನು ಮೊದಲು ನಿರ್ಧರಿಸುವುದು ವಿದ್ವಾಂಸರಲ್ಲ, ತಂತ್ರಾಂಶ.

ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ೧೯೮೦ರಲ್ಲಿ ರೂಪಿಸಿದ ‘ರೆಡ್ ಬುಕ್’ ಮಾನಕದಂತೆ ಸಿ.ಡಿ.ಯ ಒಳಅಂಚಿನಲ್ಲಿ ವಿಷಯಸೂಚಿಯೊಂದಿರುತ್ತದೆ. ಪ್ರತಿ ಟ್ರ್ಯಾಕಿನ ಆರಂಭಸ್ಥಾನವನ್ನು ಅದು ನಿಮಿಷ, ಸೆಕೆಂಡು, ಫ್ರೇಮುಗಳಲ್ಲಿ ನೀಡುತ್ತದೆ. ಸೆಕೆಂಡಿಗೆ ೭೫ ಫ್ರೇಮುಗಳು. ಇದನ್ನು ಓದಲು ಕೆಲವೇ ಕ್ಷಣಗಳು ಸಾಕು. ಆದರೆ ಟ್ರ್ಯಾಕಿನ ಮುಂಚಿನ ಅಂತರ, ಟ್ರ್ಯಾಕಿನೊಳಗಿನ ಗುರುತುಗಳು ಸೂಚಿಯಲ್ಲಿರುವುದಿಲ್ಲ. ಅವು ಧ್ವನಿಯ ಜೊತೆಯಲ್ಲೇ ಸಾಗುವ ‘ಕ್ಯೂ’ ಉಪವಾಹಿನಿಯಲ್ಲಿ ಅಡಗಿರುತ್ತವೆ. ಪಡೆಯಬೇಕಾದರೆ ತಟ್ಟೆಯನ್ನೇ ಶೋಧಿಸಬೇಕು. ‘ಸಿಡಿಆರ್‌ಡಿಎಒ’ ತಂತ್ರಾಂಶದಲ್ಲಿ ‘ಫಾಸ್ಟ್ ಟಾಕ್’ ಎಂಬ ಆಯ್ಕೆ ಈ ಶೋಧವನ್ನೇ ಕೈಬಿಟ್ಟು ಸಮಯ ಉಳಿಸುತ್ತದೆ.

ನಿಧಾನವಾಗಿ ಓದಿದ್ದೆಲ್ಲ ನಿಖರವೆಂದೂ ಭಾವಿಸಲಾಗದು. ಧ್ವನಿದತ್ತಾಂಶಕ್ಕೆ ದೋಷವನ್ನು ತಿದ್ದುವ ವ್ಯವಸ್ಥೆಯಿದೆ. ಕ್ಯೂ ಉಪವಾಹಿನಿಗೆ ದೋಷವನ್ನು ಗುರುತಿಸುವ ವ್ಯವಸ್ಥೆ ಮಾತ್ರ. ಗೀರುಬಿದ್ದ ತಟ್ಟೆಯನ್ನು ಎರಡು ಬಾರಿಯಾದರೂ, ಸಾಧ್ಯವಾದರೆ ಬೇರೊಂದು ಡ್ರೈವಿನಲ್ಲಿಯೂ ಓದಿಸಿ ಹೋಲಿಸುವುದು ಕ್ಷೇಮ.

ಅವಸರದ ವಾಚನದಿಂದ ಧ್ವನಿ ಸಾಮಾನ್ಯವಾಗಿ ನಷ್ಟವಾಗುವುದಿಲ್ಲ, ಮೇರೆ ನಷ್ಟವಾಗುತ್ತದೆ. ಅಂತರದಲ್ಲಿರುವ ಧ್ವನಿಯು ಹಿಂದಿನ ಟ್ರ್ಯಾಕಿನ ಬಾಲಕ್ಕೆ ಸೇರಿಕೊಳ್ಳುತ್ತದೆ. ಮುಂದಿನ ಸಾಲಿಗೆ ಪೀಠಿಕೆಯಾಗಿ ಗಾಯಕ ಆಡಿದ ಮಾತು ಅಲ್ಲಿದ್ದರೆ, ಲಿಪ್ಯಂತರ ಮಾಡುವವರು ಅದನ್ನು ಹಿಂದಿನ ಸಾಲಿನ ಮುಕ್ತಾಯವೆಂದೇ ಬರೆದುಕೊಳ್ಳುತ್ತಾರೆ. ಮೊದಲ ಟ್ರ್ಯಾಕಿಗೂ ಮುಂಚೆ ಧ್ವನಿಯಿದ್ದರೆ ಅನೇಕ ತಂತ್ರಾಂಶಗಳು ಅದನ್ನು ಪೂರ್ತಿ ಬಿಟ್ಟೇಬಿಡುತ್ತವೆ. ವಿಚಿತ್ರವೆಂದರೆ, ಇದರ ಸುಳಿವು ಶೀಘ್ರವಾಚನದಲ್ಲೇ ದೊರೆಯುತ್ತದೆ: ಮೊದಲ ಟ್ರ್ಯಾಕು ಎರಡನೆಯ ಸೆಕೆಂಡಿಗಿಂತ ತಡವಾಗಿ ಆರಂಭವಾಗುವುದಾಗಿ ಸೂಚಿ ಹೇಳಿದರೆ ಅದರ ಹಿಂದೆ ಏನೋ ಇರಬಹುದೆಂದು ಅರ್ಥ.

ಕ್ಷೇತ್ರಕಾರ್ಯದ ಧ್ವನಿಸುರುಳಿಗಳಿಂದ ಖಾಲಿ ಸಿ.ಡಿ.ಗಳಿಗೆ ಮಾಡಿಕೊಂಡ ಪ್ರತಿಗಳ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಅಖಂಡ ಗಾಯನವನ್ನು ಒಂದೊಂದೇ ಟ್ರ್ಯಾಕಾಗಿ ಬರೆದಾಗ ನಡುವೆ ಸಾಮಾನ್ಯವಾಗಿ ಎರಡು ಸೆಕೆಂಡುಗಳ ಮೌನ ಸೇರುತ್ತದೆ. ಕೇಳುಗನಿಗೆ ಅದು ಗಾಯಕನ ವಿರಾಮದಂತೆಯೇ ತೋರುತ್ತದೆ. ಪ್ರದರ್ಶನದ ಲಯವನ್ನು ಕುರಿತು ಅದರ ಮೇಲೆ ತೀರ್ಮಾನ ಕಟ್ಟುವುದೂ ಸಾಧ್ಯ. ಕ್ಯೂ ಉಪವಾಹಿನಿಯನ್ನು ಪೂರ್ತಿ ಓದಿಸಿದಾಗ ಪ್ರತಿಯೊಂದು ಅಂತರವೂ ೧೫೦ ಫ್ರೇಮುಗಳೆಂದೇ ಕಂಡುಬಂದರೆ, ಆ ಮೌನ ಗಾಯಕನದಲ್ಲ, ಬರೆದ ಯಂತ್ರದ್ದು.