ನಿಮಗಿದು ಗೊತ್ತೆ?: ಬಟ್ಟೆಯೊಳಗೆ ಇಣುಕಿದ ಸ್ಕ್ಯಾನರ್

ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈಯನ್ನು ಹೆಚ್ಚುಕಮ್ಮಿ ಬೆತ್ತಲಾಗಿಯೇ ತೋರಿಸುವ ಸ್ಕ್ಯಾನರ್‌ಗಳಿದ್ದವು! 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ, ಒಳಉಡುಪಿನಲ್ಲಿ ಬಾಂಬ್ ಅಡಗಿಸಿಕೊಂಡಿದ್ದವನು ಸಿಕ್ಕಿಬಿದ್ದ ಮೇಲೆ ಇವುಗಳ ಬಳಕೆ ಹೆಚ್ಚಿತು.

ಕ್ಷ-ಕಿರಣಗಳು ಬಟ್ಟೆ ದಾಟಿ, ಮೈಗೆ ತಾಗಿ ಹಿಂದಿರುಗಿದಾಗ ಚಿತ್ರ ಮೂಡುತ್ತಿತ್ತು. ಬೇರೊಂದು ಕೋಣೆಯಲ್ಲಿ ಕುಳಿತ ಸಿಬ್ಬಂದಿ ಅದನ್ನು ನೋಡುತ್ತಿದ್ದರು. ಖಾಸಗಿತನದ ಪ್ರಶ್ನೆ ಕೋರ್ಟ್ ಮೆಟ್ಟಿಲೇರಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಸ್ಕ್ಯಾನರ್‌ಗಳನ್ನು ನಿಲ್ಲಿಸಲಿಲ್ಲ; ಆದರೆ ಮೊದಲೇ ಸಾರ್ವಜನಿಕರ ಅಭಿಪ್ರಾಯ ಕೇಳಬೇಕಿತ್ತು ಎಂದಿತು. ಮೈಯ ವಿವರ ಮರೆಮಾಚುವ ಸಾಫ್ಟ್‌ವೇರ್ ಅಳವಡಿಸುವಂತೆ 2012ರಲ್ಲಿ ಕಾನೂನೇ ಬಂತು. ಆ ಸಾಫ್ಟ್‌ವೇರ್ ಗಡುವಿನೊಳಗೆ ಸಿದ್ಧವಾಗದೆ, 2013ರಲ್ಲಿ ಕ್ಷ-ಕಿರಣ ಯಂತ್ರಗಳನ್ನು ತೆಗೆದುಹಾಕಲಾಯಿತು.

ಈಗಿನ ಯಂತ್ರಗಳು ಮಿಲಿಮೀಟರ್ ತರಂಗಗಳನ್ನು ಬಳಸುತ್ತವೆ. ಪರದೆಯ ಮೇಲೆ ಕಾಣುವುದು ಎಲ್ಲರಿಗೂ ಒಂದೇ ಬಗೆಯ ಗೊಂಬೆಯಾಕಾರ. ಅನುಮಾನ ಬಂದ ಜಾಗದಲ್ಲಿ ಮಾತ್ರ ಹಳದಿ ಚೌಕ.

ಅಲ್ಲಿ ಮೈ ತಡವಿ ತಪಾಸಣೆ ಮಾಡುವವರು ಪ್ರಯಾಣಿಕರದೇ ಲಿಂಗದವರಾಗಿರಬೇಕು. ಅದನ್ನು ಪ್ರತ್ಯೇಕ ಕೋಣೆಯಲ್ಲಿ, ಜೊತೆಗೆ ಬಂದವರೊಬ್ಬರ ಸಮ್ಮುಖದಲ್ಲಿ ನಡೆಸುವಂತೆ ಕೇಳಲೂಬಹುದು. ಅಮೆರಿಕಕ್ಕೆ ಹೊರಟವರು ನೆನಪಿಟ್ಟುಕೊಳ್ಳಿ.