ಹೊಗೆ ತಪಾಸಣೆ ಪಾಸಾಯ್ತು, ಕಾಯಿಲೆ ಒಳಗೇ ಉಳೀತು

ಮೈಸೂರಿನಲ್ಲಿ ನನ್ನ ಹಳೇ ಪೆಟ್ರೋಲ್ ಕಾರು ಹೊಗೆ ತಪಾಸಣೆಯಲ್ಲಿ ಆರಾಮಾಗಿ ಪಾಸಾಯ್ತು. ಆದರೆ ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಲೈಟ್ ಉರೀತಾನೇ ಇತ್ತು. ಸ್ಕ್ಯಾನರ್ ತೋರಿಸಿದ ಕೋಡ್ ಪಿ0411: ಸೆಕೆಂಡರಿ ಏರ್ ಹರಿವು ಸರಿಯಿಲ್ಲ.

ಏನಿದು? ತಣ್ಣಗಿರುವ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು. ಪೂರ್ತಿ ಉರಿಯದ ಪೆಟ್ರೋಲ್, ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತವೆ. ಇವನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250–300 ಡಿಗ್ರಿ ಬಿಸಿಯಾಗದೆ ಕೆಲಸ ಶುರು ಮಾಡಲ್ಲ. ಅಲ್ಲಿಯವರೆಗೆ, ಕೆಲವು ಕಾರುಗಳಲ್ಲಿ, ಪುಟ್ಟ ಪಂಪೊಂದು ಎಕ್ಸಾಸ್ಟ್‌ಗೆ ಗಾಳಿ ಊದಿ ಉಳಿದದ್ದನ್ನು ಅಲ್ಲೇ ಸುಡುತ್ತೆ. ಒಂದೆರಡು ನಿಮಿಷದ ಕೆಲಸ, ಅಷ್ಟೆ.

ಒಂದು ವರ್ಕ್‌ಶಾಪ್ ಕೋಡ್ ನೋಡಿದ್ದೇ ‘ಪಂಪ್ ಬದಲಿಸಿ’ ಎಂದಿತು. ಬನ್ನಿಮಂಟಪದ ಮೆಕ್ಯಾನಿಕ್ ಒಬ್ಬರು ಮಾತ್ರ, “ಕೋಡ್ ಲಕ್ಷಣ ಹೇಳುತ್ತೆ ಸಾರ್, ಕಾರಣ ಹೇಳಲ್ಲ. ರಾತ್ರಿ ಗಾಡಿ ಇಲ್ಲೇ ಬಿಡಿ” ಅಂದರು. ಬೆಳಗ್ಗೆ ಸ್ಟಾರ್ಟ್ ಮಾಡಿ ಕಿವಿಗೊಟ್ಟರು. ಪಂಪ್ ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ ನೋಡಬೇಕು. ಸದ್ದಿದ್ದೂ ಗಾಳಿ ತಲುಪದಿದ್ದರೆ ಪೈಪ್, ವಾಲ್ವ್ ನೋಡಬೇಕು. ನನ್ನ ಕಾರಿನ ಪಂಪ್ ಚೆನ್ನಾಗೇ ಓಡ್ತಿತ್ತು. ಸೀಳಿದ್ದು ರಬ್ಬರ್ ಪೈಪು.

ತಪಾಸಣೆಗೆ ಇದು ಯಾಕೆ ಸಿಗಲಿಲ್ಲ? ಅಲ್ಲಿ ಅಳೆಯೋದು ಎಂಜಿನ್ ಬಿಸಿಯಾದ ಮೇಲೆ. ಆಗ ಈ ಪಂಪಿಗೆ ಕೆಲಸವೇ ಇರಲ್ಲ. ಹೊಗೆ ಮಾನದಂಡ ಮೀರಿದರೆ 2019ರ ಕಾಯ್ದೆ ತಿದ್ದುಪಡಿಯಂತೆ 10,000 ರೂಪಾಯಿವರೆಗೆ ದಂಡವಿದೆ. ಆದರೆ ಬೆಳಗ್ಗೆ ಸ್ಕೂಲ್ ಬಸ್ಸಿಗೆ ಕಾಯುವ ಮಕ್ಕಳ ಮುಂದೆ ನನ್ನ ಕಾರು ಉಗುಳಿದ ವಿಷ ಯಾವ ಲೆಕ್ಕಕ್ಕೂ ಬರಲಿಲ್ಲ. ಕಾರಿಗೇ ಗೊತ್ತಿರುವ ತಪ್ಪನ್ನು ತಪಾಸಣಾ ಕೇಂದ್ರವೂ ಓದಬೇಕು. ಅದಕ್ಕೆ ಬೇಕಿರೋದು ಒಂದು ಸ್ಕ್ಯಾನರ್, ಮತ್ತೆ ಒಂದು ನಿಯಮ.